ಲಗ್ನಪತ್ರಿಕೆ ತೊಳೆದ ಫ್ಲಾಪಿ

ಕಂಪ್ಯೂಟರ್ ಬಗ್ಗೆ ನನಗೆ ತಕರಾರಿಲ್ಲ. ಅದು ಪಾಪದ ಯಂತ್ರ, ಹೇಳಿದ್ದನ್ನು ಮಾಡುತ್ತದೆ. ನನ್ನ ತಿರಸ್ಕಾರವೆಲ್ಲ ಅದರೊಳಗೆ ಕೂತು ಹಿರೇತನ ಮಾಡುವ ಚಿಕ್ಕಪುಟ್ಟ ಪ್ರೋಗ್ರಾಂಗಳ ಮೇಲೆ, ಅದರಲ್ಲೂ ಕ್ಲೀನರ್ ಎಂದು ಹೆಸರಿಟ್ಟುಕೊಂಡು ಬರುವವುಗಳ ಮೇಲೆ. ಯಾರೋ ಕಷ್ಟಪಟ್ಟು ಟೈಪ್ ಮಾಡಿದ ಫೈಲನ್ನು ಅವುಗಳ ಬಾಯಿಗೆ ಕೊಟ್ಟರೆ ಎರಡೆರಡು ಬಿದ್ದ ಸ್ಪೇಸ್ ಒಂದಾಗುತ್ತದೆ, ಖಾಲಿ ಸಾಲು ಮಾಯವಾಗುತ್ತದೆ, ಒಂದೇ ಥರದ ಎರಡು ಸಾಲಿದ್ದರೆ ಎರಡನೆಯದು ಹೋಗುತ್ತದೆ. ಆಮೇಲೆ ಇಷ್ಟು ಸಾಲು ತೆಗೆದೆ ಎಂದು ಪರದೆಯ ಮೇಲೆ ಬೀಗುತ್ತದೆ. ಏನನ್ನು ತೆಗೆದೆ ಎಂದು ಮಾತ್ರ ಬಾಯಿ ಬಿಡುವುದಿಲ್ಲ. ನಮ್ಮ ಮನೆಯಿಂದ ಅದು ಏನನ್ನು ತೆಗೆಯಿತು ಎಂಬುದನ್ನು ನಾನೇ ಹೇಳಬೇಕು.

ಎರಡು ಸಾವಿರದ ಇಸವಿಯ ಆಸುಪಾಸು. ಕೊಟ್ಟೂರಿನ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ, ಸೈಕಲ್ ಅಂಗಡಿಯ ಪಕ್ಕದ ಒಂದು ಕೋಣೆಯಲ್ಲಿ ಡಿಟಿಪಿ ಸೆಂಟರ್ ಇತ್ತು. ಕನ್ನಡ ಟೈಪಿಂಗ್‌ನಲ್ಲಿ ಸೀನಿಯರ್ ಪಾಸು ಮಾಡಿಕೊಂಡಿದ್ದ ನಾನು ಅಲ್ಲಿ ಆಪರೇಟರ್. ಲಗ್ನಪತ್ರಿಕೆ, ತಿಥಿ ಕಾರ್ಡು, ಕಿರಾಣಿ ಅಂಗಡಿಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ಹೀಗೆ ಬಂದಿದ್ದನ್ನೆಲ್ಲ ಕುಟ್ಟುವುದು ನನ್ನ ಕೆಲಸ. ಕುಟ್ಟಿದ್ದಕ್ಕೆ ಪ್ರೂಫ್ ತೆಗೆದು ಗಿರಾಕಿಗೆ ತೋರಿಸಿ, ಅವರು ಹೂಂ ಅಂದ ಮೇಲೆ ಪಾರದರ್ಶಕ ಹಾಳೆಯ ಮೇಲೆ ಕೊನೆಯ ಪ್ರತಿ ತೆಗೆಯಬೇಕು. ಅದು ಸ್ಕ್ರೀನ್ ಪ್ರಿಂಟಿಂಗ್‌ನವರ ಹತ್ತಿರ ಹೋಗಿ ಕಾರ್ಡಾಗಿ ಬರುತ್ತಿತ್ತು.

ಮಾಲೀಕರು ಹರಪನಹಳ್ಳಿ ಕಡೆಯವರು. ದಾವಣಗೆರೆಯಲ್ಲಿ ಏನೋ ಕಂಪ್ಯೂಟರ್ ಕೋರ್ಸು ಮಾಡಿದ್ದರು. ಆ ಸರ್ಟಿಫಿಕೇಟನ್ನು ಫ್ರೇಮು ಹಾಕಿಸಿ ದೇವರ ಫೋಟೊಗಿಂತ ಒಂದು ಗೇಣು ಮೇಲೆ ತೂಗುಹಾಕಿದ್ದರು. ತಾವೇ ಟೈಪ್ ಮಾಡಲು ಕೂತರೆ ಒಂದು ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದರು, ನೋಡುವವರಿಗೆ ಹಸಿವಾಗುತ್ತಿತ್ತು. ಆದರೆ ಅವರ ಹತ್ತಿರ ಒಂದು ಫ್ಲಾಪಿ ಡಬ್ಬಿ ಇತ್ತು. ಒಂದೊಂದು ಫ್ಲಾಪಿಯ ಮೇಲೂ ಕೆಂಪು ಪೆನ್ನಿನಲ್ಲಿ ಇದು ಸ್ಪೇಸ್ ತೆಗೆಯುವುದು, ಇದು ಖಾಲಿ ಸಾಲು ತೆಗೆಯುವುದು, ಇದು ಡೂಪ್ಲಿಕೇಟ್ ತೆಗೆಯುವುದು ಎಂದು ಬರೆದಿದ್ದರು. ಯಾರೋ ಗೆಳೆಯನಿಂದ ಕಾಪಿ ಹೊಡೆಸಿಕೊಂಡು ಬಂದ ಈ ಸರಕನ್ನು ಅವರು ತಮ್ಮ ಸಾಫ್ಟ್‌ವೇರ್ ಎಂದೇ ಕರೆಯುತ್ತಿದ್ದರು. ಒಂದನ್ನೂ ಸ್ವತಃ ಬರೆದವರಲ್ಲ. ಬರೆದವರು ಯಾರೆಂದೂ ಅವರಿಗೆ ಗೊತ್ತಿರಲಿಲ್ಲ.

ನನಗೆ ಮೈ ಉರಿಯುತ್ತಿದ್ದುದು ಅವರ ಅಜ್ಞಾನಕ್ಕಲ್ಲ. ಜನ ಬರೆದು ತಂದದ್ದೆಲ್ಲ ಅವರಿಗೆ ಕಸವಾಗಿ ಕಾಣುತ್ತಿತ್ತು. "ನಮ್ ಜನಕ್ಕೆ ಬರೆಯೋಕೆ ಬರಲ್ಲಮ್ಮಾ, ಹೇಳಿದ್ದನ್ನೇ ಹೇಳ್ತಾರೆ. ಕ್ಲೀನ್ ಮಾಡಿದ್ರೆ ಅರ್ಧಕ್ಕರ್ಧ ಕಮ್ಮಿ ಆಗ್ತೈತೆ," ಎನ್ನುತ್ತಿದ್ದರು. ಕೂಡ್ಲಿಗಿಯಲ್ಲಿ ನಿವೃತ್ತರಾಗುತ್ತಿದ್ದ ಹೆಡ್‌ಮಾಸ್ತರರೊಬ್ಬರಿಗೆ ಶಿಷ್ಯರು ಬಿನ್ನವತ್ತಳೆ ಮಾಡಿಸಿದರು. ನಾನು ಪ್ಯಾರಾ ಪ್ಯಾರಾ ಬಿಡಿಸಿ ಕೂರಿಸಿದ್ದೆ. ಇವರು ಖಾಲಿ ಸಾಲು ತೆಗೆಯುವ ಫ್ಲಾಪಿ ತಿರುಗಿಸಿಯೇಬಿಟ್ಟರು. ಬಿನ್ನವತ್ತಳೆ ಮೇಲಿನಿಂದ ಕೆಳಗಿನವರೆಗೆ ಒಂದೇ ಬಂಡೆಯಾಯಿತು. ಸಮಾರಂಭದಲ್ಲಿ ಓದಲು ನಿಂತ ಮೇಷ್ಟರಿಗೆ ಉಸಿರು ತಿರುಗಿಸಲು ಜಾಗ ಸಿಗದೆ ನೀರು ಕುಡಿಸಬೇಕಾಯಿತಂತೆ.

ಮಾಗಳದ ಭಜನಾ ಮಂಡಳಿಯವರದು ಇನ್ನೂ ಚಂದ. ಪದಗಳ ಪುಟ್ಟ ಪುಸ್ತಕ ಮಾಡಿಸಲು ಬಂದಿದ್ದರು. ಪ್ರತಿ ನುಡಿಯ ಕೆಳಗೆ ಪಲ್ಲವಿ ಮತ್ತೆ ಬರುತ್ತದಲ್ಲ, ಅದನ್ನೆಲ್ಲ ಡೂಪ್ಲಿಕೇಟ್ ಫ್ಲಾಪಿ ನುಂಗಿತು. ಮಂಡಳಿಯ ಹಿರಿಯರು ಪ್ರೂಫನ್ನು ಹಿಂದೆ ಮುಂದೆ ತಿರುವಿ, "ಪಲ್ಲವಿ ಎಲ್ಲಿ ಹೋತ್ರಿ?" ಎಂದರು.

"ಮೊದಲ್ನೇ ನುಡಿನಾಗೆ ಐತಲ್ರೀ. ಮತ್ತೆ ಮತ್ತೆ ಯಾಕೆ?"

"ಮತ್ತ ಮತ್ತ ಅನ್ನಾಕ ಅದಕ್ಕ ಭಜನಿ ಅಂತಾರ್ರೀ."

ಮಾಲೀಕರಿಗೆ ಅರ್ಥವಾಗಲಿಲ್ಲ. ಮಂಡಳಿಯವರು ಹೋದ ಮೇಲೆ, ಹಳ್ಳಿ ಜನಕ್ಕೆ ಕಾಗದದ ಬೆಲೆ ಗೊತ್ತಿಲ್ಲ ಎಂದು ನನಗೆ ಪಾಠ ಹೇಳಿದರು. ನಾನು ಪಲ್ಲವಿಗಳನ್ನೆಲ್ಲ ಮತ್ತೆ ಕುಟ್ಟಿದೆ.

ಇಷ್ಟರಲ್ಲಿ ನಮ್ಮಕ್ಕನಿಗೆ ಹಗರಿಬೊಮ್ಮನಹಳ್ಳಿಯ ವರ ಗೊತ್ತಾಯಿತು. ಮಗಳು ಕೆಲಸ ಮಾಡುವ ಅಂಗಡಿ ಇರುವಾಗ ಕಾರ್ಡು ಬೇರೆ ಕಡೆ ಯಾಕೆ ಎಂದು ಅಪ್ಪ ನನ್ನ ಕೈಗೇ ಕೊಟ್ಟರು.

ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಮದುಮಕ್ಕಳ ಹೆಸರಿಗಿಂತ ಕೆಳಗಿನ ಬಂಧುಗಳ ಹೆಸರೇ ಮುಖ್ಯ. ಕಾರ್ಡು ಕೈಗೆ ಬಂದ ಕೂಡಲೇ ಮುಹೂರ್ತ ನೋಡುವವರು ಯಾರೂ ಇಲ್ಲ, ಎಲ್ಲರ ಕಣ್ಣೂ ಕೆಳಕ್ಕೆ ಓಡುತ್ತದೆ. ಹೆಸರಿಲ್ಲ ಎಂದರೆ ಕರೆದಿಲ್ಲ ಎಂದೇ ಲೆಕ್ಕ. ಹಾಗೆ ಬಿಟ್ಟುಹೋದ ಹೆಸರಿಗಾಗಿ ಮಾತು ಬಿಟ್ಟವರು, ಹೆಣ್ಣು ಕೊಡುವುದನ್ನೇ ನಿಲ್ಲಿಸಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದರ ಜೊತೆಗೆ ಇನ್ನೊಂದು ಸಂಗತಿ. ಮಕ್ಕಳಿಗೆ ಹೆಸರು ಹುಡುಕಲು ನಮ್ಮವರು ತಲೆ ಕೆಡಿಸಿಕೊಳ್ಳುವುದಿಲ್ಲ, ಊರ ಸ್ವಾಮಿಯ ಹೆಸರನ್ನೇ ಇಟ್ಟುಬಿಡುತ್ತಾರೆ. ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಆ ಹೆಸರು ಹಿಡಿದು ಕೂಗಿದರೆ ಅರ್ಧ ಬಸ್ಸು ಇಳಿದು ಬರುತ್ತದೆ. ಅವ್ವನ ತವರು ಹಿರೇಹಡಗಲಿ. ಅಲ್ಲಿ ಅವಳಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಅಣ್ಣ ಹುಟ್ಟಿದಾಗ ಅಜ್ಜಿ ಹರಕೆ ಹೊತ್ತು ಸ್ವಾಮಿಯ ಹೆಸರಿಟ್ಟಳು. ತಮ್ಮ ಕೂಸಾಗಿದ್ದಾಗ ಜ್ವರ ಬಂದು ಉಳಿಯುವುದೇ ಇಲ್ಲ ಎನ್ನುವಂತಾಗಿ, ಅವನಿಗೂ ಅದೇ ಹರಕೆ ಹೊತ್ತು ಅದೇ ಹೆಸರಿಟ್ಟಳು. ಮನೆಯಲ್ಲಿ ದೊಡ್ಡಾವ, ಸಣ್ಣಾವ ಎಂದು ಕರೆದರೆ ಮುಗಿಯಿತು. ನಮಗೂ ಅವರು ದೊಡ್ಡ ಮಾವ, ಸಣ್ಣ ಮಾವ.

ಇಬ್ಬರಿಗೂ ಮಾತಿರಲಿಲ್ಲ. ಪಾಲಾಗುವಾಗ ಒಂದು ಹುಣಸೆಮರ ಯಾರ ಕಡೆಗೆ ಎಂದು ಶುರುವಾದ ಜಗಳ ಮನೆಯ ನಡುವೆ ಗೋಡೆಯಾಗಿ ನಿಂತಿತ್ತು. ಮಗಳ ಮದುವೆಗೆ ಇಬ್ಬರೂ ಬರಬೇಕು ಎಂಬುದು ಅವ್ವನ ಒಂದೇ ಆಸೆ. ಸೀರೆ, ಒಡವೆ, ಊಟ ಯಾವುದಕ್ಕೂ ಅವಳು ತಲೆ ಹಾಕಲಿಲ್ಲ. "ನನ್ನ ತವರು ಒಂದ ಸಲ ಹಂದರದಾಗ ಕೂಡಿ ನಿಂತಿದ್ದು ನೋಡಿದ್ರ ಸಾಕು," ಎನ್ನುತ್ತಿದ್ದಳು.

ಕಾರ್ಡಿನಲ್ಲಿ ದೊಡ್ಡ, ಸಣ್ಣ ಎಂದು ಹಾಕಿದರೆ ಗುರುತು ಸಿಗುತ್ತಿತ್ತು. ಸಣ್ಣ ಮಾವ ಮೊದಲೇ ಹೇಳಿ ಕಳಿಸಿದ್ದ: ಮೀಸೆ ಬೆಳ್ಳಗಾದ ಮೇಲೂ ಸಣ್ಣ ಅಂತ ಅಚ್ಚು ಹಾಕಿಸಿದರೆ ನಾನು ಬರುವುದಿಲ್ಲ. ಅಲ್ಲಿಗೆ ಹೆಸರು ಒಂದೇ, ತಂದೆ ಒಬ್ಬರೇ ಆದ್ದರಿಂದ ಇನಿಷಿಯಲ್ ಒಂದೇ, ಊರೂ ಒಂದೇ. ಸೋದರಮಾವಂದಿರು ಎಂದು ಬರೆದು ಕೆಳಗೆ ಒಂದೇ ಥರದ ಎರಡು ಸಾಲು ಕುಟ್ಟಿದೆ. ಮೇಲಿನದು ಅಣ್ಣ, ಕೆಳಗಿನದು ತಮ್ಮ. ಇದು ನಮ್ಮಲ್ಲಿ ಎಂಥ ಮುಗ್ಧರಿಗೂ ಅರ್ಥವಾಗುತ್ತದೆ. ಅಪ್ಪ ಪ್ರೂಫ್ ಮೇಲೆ ಬೆರಳಿಟ್ಟು ಓದಿ ಸಹಿ ಹಾಕಿದರು. ನಾನು ರಜೆ ಹಾಕಿ ಮನೆಗೆ ಹಪ್ಪಳ ಒತ್ತಲು ಹೋದೆ.

ನಾನಿಲ್ಲದಾಗ ಮಾಲೀಕರಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿತು. ನಮ್ಮ ಆಪರೇಟರ್ ಮನೆಯ ಕಾರ್ಡು, ಚೊಕ್ಕ ಬರಲಿ ಎಂದು ಕೊನೆಯ ಪ್ರತಿ ತೆಗೆಯುವ ಮುಂಚೆ ಫೈಲನ್ನು ಡಬ್ಬಿಯಲ್ಲಿದ್ದ ಎಲ್ಲ ಫ್ಲಾಪಿಗಳಿಂದಲೂ ತೊಳೆದರು. ಅಚ್ಚಾದ ಕಾರ್ಡಿನ ಗಂಟು ಮನೆಗೆ ಬಂದಾಗ ನಾವು ಮೇಲಿನ ಗಣಪತಿ ನೋಡಿದೆವು, ಅಕ್ಕನ ಹೆಸರು ನೋಡಿದೆವು, ಸರಿ ಇದೆ ಎಂದುಕೊಂಡೆವು. ಸಹಿ ಹಾಕಿದ ಪ್ರೂಫ್ ಇರುವಾಗ ಮತ್ತೆ ಯಾರು ಓದುತ್ತಾರೆ? ಅವ್ವ ಮೂಲೆಗಳಿಗೆ ಅರಿಶಿನ ಹಚ್ಚಿದಳು. ಅಪ್ಪ ತಮ್ಮ ಕಡೆಯ ಊರುಗಳಿಗೆ ಹಂಚಲು ಹೊರಟರು. ದೇವರಿಗೆ ಇಟ್ಟ ಮೇಲೆ ಮೊದಲ ಕಾರ್ಡು ತವರಿಗೆ ಎಂದು ಅವ್ವ ನನ್ನನ್ನು ಕರೆದುಕೊಂಡು ಹಿರೇಹಡಗಲಿಯ ಬಸ್ಸು ಹತ್ತಿದಳು.

ದೊಡ್ಡ ಮಾವನ ಮನೆಗೆ ಮೊದಲು ಹೋದೆವು. ಕುಂಕುಮವಾಯಿತು, ಚಹಾ ಆಯಿತು. ಮಾವ ಕನ್ನಡಕ ಏರಿಸಿ ಕಾರ್ಡಿನ ಕೆಳಭಾಗಕ್ಕೆ ಹೋದ. ಒಂದು ಸಾಲಿನ ಮೇಲೆ ಬೆರಳಿಟ್ಟ.

"ತಂಗೀ, ಒಂದಽ ಹೆಸರು ಐತಿ. ಇದು ನಂದೋ, ಅವಂದೋ?"

ನಾನು ಕಾರ್ಡು ಇಸಿದುಕೊಂಡು ನೋಡಿದೆ. ಸೋದರಮಾವಂದಿರು ಎಂಬುದರ ಕೆಳಗೆ ಒಂದೇ ಸಾಲು ಇತ್ತು. ಇದು ಯಾವ ಫ್ಲಾಪಿಯ ಕೆಲಸ ಎಂಬುದು ಆ ಕ್ಷಣವೇ ಗೊತ್ತಾಯಿತು. ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ತೊಡೆ ಚಿವುಟಿದಳು.

"ನಿಂದಽ ಅಣ್ಣಾ. ಹಿರಿಯಾವ ನೀನು. ಮತ್ಯಾರದು ಇರತೈತಿ?"

ಮಾವನ ಮುಖ ಅರಳಿದ ರೀತಿ ನೋಡಬೇಕಿತ್ತು. ತನ್ನ ಹೆಸರು ಇದ್ದದ್ದಕ್ಕಿಂತ ತಮ್ಮನದು ಇಲ್ಲದ್ದೇ ಅವನಿಗೆ ಹೆಚ್ಚು ರುಚಿಸಿತು. "ಆತು ಬಿಡು. ಹುಣಸಿಮರದ ವಿಷ್ಯದಾಗ ನ್ಯಾಯ ಯಾರ ಕಡೆ ಐತಿ ಅಂತ ನಿನಗರ ಗೊತ್ತಾತಲ್ಲ," ಎಂದ. ಬಾಸಿಂಗ ತಾನೇ ಕಟ್ಟುವುದಾಗಿಯೂ ಹೇಳಿದ. ನಮ್ಮಲ್ಲಿ ಮದುಮಗಳ ಹಣೆಗೆ ಬಾಸಿಂಗ ಕಟ್ಟುವುದು ಸೋದರಮಾವನ ಹಕ್ಕು. ಅವ್ವ ತಲೆ ಆಡಿಸಿದಳು.

ಗೋಡೆ ಸುತ್ತಿ ಆಚೆ ಬಾಗಿಲಿಗೆ ಹೋದೆವು. ಸಣ್ಣ ಮಾವನೂ ಕೆಳಗಿನಿಂದಲೇ ಓದಿದ. ಅವನೇನೂ ಕೂಗಾಡಲಿಲ್ಲ. ಕಾರ್ಡನ್ನು ಮೆಲ್ಲಗೆ ಮಡಚಿ, "ಅಕ್ಕಾ, ಒಬ್ಬರ್ದಽ ಹೆಸರು ಹಾಕೀರಿ," ಎಂದ.

"ನಿಂದಽಲೇ ಅದು."

"ಖರೇನ?"

"ನಿನ್ನ ಬಿಟ್ಟು ನಾ ಯಾರ ಹೆಸರು ಹಾಕಸ್ಲಿ?"

ಅವನ ಕಣ್ಣಲ್ಲಿ ನೀರು ಬಂತು. ಹೆಂಡತಿಯನ್ನು ಕೂಗಿ, "ನೋಡಿಲ್ಲೆ, ನಮ್ಮಕ್ಕ ನನ್ನ ಹೆಸರು ಹಾಕ್ಯಾಳ," ಎಂದು ಕಾರ್ಡು ತೋರಿಸಿದ. ಅದನ್ನು ಒಯ್ದು ದೇವರ ಮುಂದೆ ಇಟ್ಟ. ಬಾಸಿಂಗವನ್ನು ಹಡಗಲಿ ಪೇಟೆಯಲ್ಲೇ ಹೇಳಿ ಮಾಡಿಸಿ ತರುತ್ತೇನೆ, ಬೇರೆ ಕೊಳ್ಳಬೇಡಿ ಎಂದ. ಅವ್ವ ಅದಕ್ಕೂ ತಲೆ ಆಡಿಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸಿಟ್ಟಿನಿಂದ ಕೇಳಿದೆ, ಇಬ್ಬರಿಗೂ ಸುಳ್ಳು ಯಾಕೆ ಹೇಳಿದೆ ಎಂದು. "ಮತ್ತೇನು ಅನ್ಲಿ? ಒಬ್ಬನ್ನ ಅಂದ್ರ ಒಬ್ಬ ಬರಂಗಿಲ್ಲ. ಇಬ್ರೂ ಬರಬೇಕು ನನಗ," ಎಂದಳು. ಮತ್ತೆ ಅಚ್ಚು ಹಾಕಿಸೋಣ ಎಂದರೆ, ಈಗ ಎರಡು ಹೆಸರಿನ ಕಾರ್ಡು ಕಂಡರೆ ಹೇಳಿದ್ದು ಸುಳ್ಳೆಂದು ಇಬ್ಬರಿಗೂ ಗೊತ್ತಾಗುತ್ತದೆ, ಸುಮ್ಮನಿರು ಎಂದು ಬಾಯಿ ಮುಚ್ಚಿಸಿದಳು.

ಮರುದಿನ ಅಂಗಡಿಗೆ ಹೋಗಿ ಮಾಲೀಕರನ್ನು ಕೇಳಿದೆ. ಅವರಿಗೆ ನಾಚಿಕೆಯಾಗಬಹುದು ಎಂದು ನಿರೀಕ್ಷಿಸಿದ್ದ ನಾನೇ ಪೆದ್ದಿ.

"ನಿಮ್ ಫೈಲ್‌ನಾಗೆ ಒಂದು ಡೂಪ್ಲಿಕೇಟ್ ಇತ್ತಮ್ಮಾ, ತೆಗ್ದೆ. ನೀವು ನಂಗೆ ಥ್ಯಾಂಕ್ಸ್ ಹೇಳ್ಬೇಕು."

"ಅದು ಡೂಪ್ಲಿಕೇಟ್ ಅಲ್ರೀ, ನಮ್ಮ ಸಣ್ಣ ಮಾವ."

"ಇಬ್ರಿಗೂ ಒಂದೇ ಹೆಸರಿಟ್ರೆ ಕಂಪ್ಯೂಟರ್ ಏನು ಮಾಡ್ತೈತೆ? ಅದಕ್ಕೇನು ನಿಮ್ ಮಾವ್ನ ಮುಖ ಪರಿಚಯ ಐತಾ?" ಎಂದು ನಕ್ಕರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಬೇಕಾದರೆ ಒಂದೊಂದೇ ಕಾರ್ಡಿನಲ್ಲಿ ಕೈಯಿಂದ ಬರೆದುಬಿಡಿ ಎಂದು ಉದಾರವಾಗಿ ಮುಂದೆ ಚಾಚಿದರು. ಅಚ್ಚಿನ ಹೆಸರುಗಳ ನಡುವೆ ಪೆನ್ನಿನಲ್ಲಿ ತುರುಕಿದ ಹೆಸರು ಎಂದರೆ, ಪಂಕ್ತಿಯಲ್ಲಿ ಎಲ್ಲರೂ ಉಂಡೆದ್ದ ಮೇಲೆ ಎಲೆ ಹಾಕಿ ಕರೆದ ಹಾಗೆ. ಅದಕ್ಕಿಂತ ಹೆಸರಿಲ್ಲದಿರುವುದೇ ಮೇಲು. ಆ ಮನುಷ್ಯನಿಗೆ ಇದನ್ನು ವಿವರಿಸಲು ನನಗೆ ಮನಸ್ಸಾಗಲಿಲ್ಲ.

ಮದುವೆಯ ದಿನ ಇಬ್ಬರು ಮಾವಂದಿರೂ ಬಂದರು. ಒಂದೇ ಊರಿನಿಂದ ಬೇರೆ ಬೇರೆ ಬಸ್ಸಿನಲ್ಲಿ ಬಂದು, ಹಂದರದ ಈ ತುದಿಗೆ ಒಬ್ಬ, ಆ ತುದಿಗೆ ಒಬ್ಬ ಕೂತರು. ಇಬ್ಬರ ಮುಖದಲ್ಲೂ ಎಂದೂ ಕಾಣದ ಕಳೆ ಇತ್ತು. ಗೆದ್ದವರ ಔದಾರ್ಯ ಎನ್ನುತ್ತಾರಲ್ಲ, ಅದು. ಅವ್ವ ಆ ತುದಿಗೊಮ್ಮೆ ಈ ತುದಿಗೊಮ್ಮೆ ನೀರು, ಪಾನಕ ಕೊಡುತ್ತ ಹಾರಾಡುತ್ತಿದ್ದಳು. ಬಾಸಿಂಗ ಕಟ್ಟುವ ಹೊತ್ತಿಗೆ ಇಬ್ಬರೂ ಎದ್ದು ಬಂದರು. ದೊಡ್ಡ ಮಾವ ತಮ್ಮನ ಕೈಯಲ್ಲಿದ್ದ ಬಾಸಿಂಗದ ಪೊಟ್ಟಣ ನೋಡಿದ. ಎಷ್ಟೋ ವರ್ಷಗಳ ಮೇಲೆ ಅವನೇ ಮೊದಲು ಮಾತಾಡಿದ.

"ಹೆಸರು ಹಾಕ್ಸಿಲ್ಲಂದ್ರೂ ಬಂದ್ಯಲ್ಲೋ. ದೊಡ್ಡ ಮನಸು ನಿಂದು."

ಸಣ್ಣ ಮಾವ ತಬ್ಬಿಬ್ಬಾದ. "ನಂದಲ್ಲಣ್ಣಾ, ನಿಂದಽ ಹಾಕ್ಸಿಲ್ಲ. ನೀ ಬಂದಿದ್ದು ದೊಡ್ಡದು."

ಇಷ್ಟು ವರ್ಷದಲ್ಲಿ ಅಣ್ಣ ತಮ್ಮ ಒಬ್ಬರಿಗೊಬ್ಬರು ಆಡಿದ ಒಳ್ಳೆಯ ಮಾತು ಅದೊಂದೇ. ಅದು ತುಟಿಯಿಂದ ಆಚೆ ಬಂದು ಆರುವುದರೊಳಗೆ ಇಬ್ಬರಿಗೂ ಎಲ್ಲ ತಿಳಿಯಿತು. ಇಬ್ಬರೂ ಅವ್ವನ ಕಡೆ ತಿರುಗಿದರು. ಕೂತವರೆಲ್ಲ ತಿರುಗಿದರು. ಅವ್ವನ ಕೈಯಲ್ಲಿ ಪಾನಕದ ತಂಬಿಗೆ ಇತ್ತು.

ಆಗಲೂ ಸಂಭಾಳಿಸಬಹುದಿತ್ತು. ಇಬ್ಬರದೂ ಬಿಟ್ಟುಹೋಗಿದೆ, ಇಬ್ಬರದೂ ಇದೆ ಎಂದು ಯಾರಾದರೂ ಹಿರಿಯರು ನಗಿಸಿ ಮುಗಿಸುತ್ತಿದ್ದರು. ಆದರೆ ನಮ್ಮ ಮಾಲೀಕರು ಬಂದಿದ್ದರು. ಹೊಸ ಅಂಗಿ, ಜೇಬಿನಲ್ಲಿ ಅದೇ ಪೆನ್ನು. ನಾಲ್ಕು ಜನ ಸೇರಿದ ಕಡೆ ಕಂಪ್ಯೂಟರ್ ಬಗ್ಗೆ ಭಾಷಣ ಮಾಡುವ ಅವಕಾಶವನ್ನು ಅವರು ಜನ್ಮದಲ್ಲಿ ಬಿಟ್ಟವರಲ್ಲ.

"ಅಮ್ಮಾರ್ದೇನೂ ತಪ್ಪಿಲ್ಲ. ಇದು ಟೆಕ್ನಿಕಲ್ ವಿಷ್ಯ," ಎಂದು ಮುಂದೆ ಬಂದರು. "ಒಂದೇ ಥರದ್ದು ಎರಡು ಸಾಲಿದ್ರೆ ನಮ್ ಸಾಫ್ಟ್‌ವೇರ್ ಮೇಲಿಂದು ಇಟ್ಕೊಂಡು ಕೆಳಗಿಂದು ಹೆಚ್ಚುವರಿ ಅಂತ ತೆಗೀತೈತೆ. ಅಲ್ಲಿಗೆ ಹಿರಿಯರ್ದು ಐತೆ, ಕಿರಿಯರ್ದು ಹೋಗೈತೆ. ಅಷ್ಟೇ."

ಅಷ್ಟೇ ಎಂದು ಹೇಳಿ, ದೊಡ್ಡ ಸಮಸ್ಯೆ ಬಗೆಹರಿಸಿದವರ ಹಾಗೆ ಎಲ್ಲರ ಮುಖವನ್ನೂ ಒಮ್ಮೆ ನೋಡಿದರು.

"ನಾ ಹೆಚ್ಚುವರಿಯೇನು?" ಎಂದ ಸಣ್ಣ ಮಾವ. ಕೇಳಿದ್ದು ಮಾಲೀಕರನ್ನಲ್ಲ. ಬಾಸಿಂಗದ ಪೊಟ್ಟಣವನ್ನು ಮದುಮಗಳಾಗಿ ಕೂತಿದ್ದ ನಮ್ಮಕ್ಕನ ಮಡಿಲಲ್ಲಿಟ್ಟು, ಅವಳ ತಲೆ ಮೇಲೆ ಕೈಯಿಟ್ಟು, ಚಪ್ಪಲಿ ಮೆಟ್ಟಿ ಹೊರಟ. ಅವನ ಹೆಂಡತಿ ಹಿಂದೆ ಹೋದಳು. ಅವ್ವ ತಂಬಿಗೆ ಬಿಟ್ಟು ಬರಿಗಾಲಲ್ಲಿ ಓಡಿದಳು. ನಾನೂ ಓಡಿದೆ. ರಸ್ತೆಯ ತಿರುವಿನಲ್ಲಿ ಅವ್ವ ಅವನ ತೋಳು ಹಿಡಿದು, "ತಮ್ಮಾ, ನನ್ನ ಸೊಂಟದ ಮ್ಯಾಲ ಬೆಳದಾವ ನೀನು. ನಾ ಯಾಕ ನಿನ್ನ ಹೆಸರು ತೆಗಸ್ಲಿ? ಆ ಹಾಳ ಮಷೀನು ಮಾಡಿದ್ದು," ಎಂದು ಅತ್ತಳು.

"ಮಷೀನು ತೆಗೀಲಿ ಬಿಡು. ಹೆಸರಿಲ್ಲ, ತಪ್ಪಾಗೈತಿ ಅಂದಿದ್ರ ನಾ ಬರ್ತಿದ್ದೆ ಅಕ್ಕಾ. ಜಗಳಾಡಿಯಾದ್ರೂ ಬರ್ತಿದ್ದೆ. ನೀ ಐತಿ ಅಂದಿ. ನಾ ಅದನ್ನ ದೇವರ ಮುಂದ ಇಟ್ಟಿದ್ದೆ," ಎಂದ. ಅವಳ ಕೈ ಬಿಡಿಸಿಕೊಂಡು ಹೋದ. ಅತ್ತ ಮುಹೂರ್ತ ಮೀರುತ್ತಿದೆ ಎಂದು ಯಾರೋ ಕೂಗಿದರು. ಬಾಸಿಂಗವನ್ನು ದೊಡ್ಡ ಮಾವ ಕಟ್ಟಿದ.

ಮಾಲೀಕರು ಉಂಡು ಹೋದರು. ಹೋಳಿಗೆಗೆ ತುಪ್ಪ ಚೆನ್ನಾಗಿತ್ತು ಎಂದು ಆಮೇಲೆ ನನಗೆ ಹೇಳಿದರು. ಕೆಲವು ದಿನ ಬಿಟ್ಟು ಹೊಸ ಫ್ಲಾಪಿ ತಂದು, ಇದು ತೆಗೆಯುವ ಮುಂಚೆ ತೆಗೆಯಲೇ ಎಂದು ಕೇಳುತ್ತದೆ, ಇನ್ನು ನಿಮ್ಮಂಥವರಿಗೆ ತೊಂದರೆ ಇಲ್ಲ ಎಂದು ತೋರಿಸಿದರು. ಅದು ಕೇಳಿದಾಗಲೆಲ್ಲ ಅವರು ಓದದೆ ಹೂಂ ಒತ್ತುವುದನ್ನು ನಾನು ಕಣ್ಣಾರೆ ಕಂಡೆ. ಸಂಬಳ ಬೇಕಿತ್ತು, ಇನ್ನೊಂದಿಷ್ಟು ಕಾಲ ಅಲ್ಲೇ ಇದ್ದೆ. ಇವತ್ತು ನನ್ನ ಮೊಬೈಲಿನಲ್ಲೂ ಒಂದು ಕ್ಲೀನರ್ ತಾನಾಗಿಯೇ ಬಂದು ಕೂತಿದೆ. ಒಂದೇ ಥರದ ಫೋಟೊಗಳಿವೆ, ತೆಗೆಯಲೇ ಎನ್ನುತ್ತದೆ. ಅದರ ಮುಖಕ್ಕೆ ಉಗಿಯಲು ಬರುವುದಿಲ್ಲವಲ್ಲ ಎಂದು ಬೇಸರವಾಗುತ್ತದೆ.

ಸಣ್ಣ ಮಾವ ಮತ್ತೆ ನಮ್ಮ ಮನೆಗೆ ಬರಲಿಲ್ಲ. ನಾಗರಪಂಚಮಿಗೆ ಅವ್ವನನ್ನು ತವರಿಗೆ ಕರೆಯಲು ಗೋಡೆಯ ಈಚೆಯವರು ಬರುತ್ತಾರೆ, ಆಚೆಯವರು ಬರುವುದಿಲ್ಲ. ಒಂದು ವರ್ಷ ಕಾಲು ನೋವೆಂದು ಅವ್ವ ಹೋಗದೆ ನಮ್ಮೂರಲ್ಲೇ ಹಾಲೆರೆಯಲು ಬಂದಳು. ಬೇವಿನಕಟ್ಟೆಯ ನಾಗಪ್ಪನ ಕಲ್ಲಿಗೆ ಹೆಂಗಸರೆಲ್ಲ ದೇವರ ಪಾಲು, ಗುರುವಿನ ಪಾಲು ಎಂದು ಶುರು ಮಾಡಿ, ಆಮೇಲೆ ತಮ್ಮ ತಮ್ಮ ತವರಿನವರ ಹೆಸರು ಹಿಡಿದು ಹಾಲು ಬಿಡುತ್ತಾರೆ. ಅವ್ವ ತನ್ನ ಅಪ್ಪನ ಪಾಲು ಎರೆದಳು, ಅವ್ವನ ಪಾಲು ಎರೆದಳು. ಸ್ವಾಮಿಯ ಹೆಸರು ಹೇಳಿ ಒಂದು ಸಲ ಎರೆದಳು. ಮತ್ತೆ ಬಟ್ಟಲು ತುಂಬಿಕೊಂಡು ಅದೇ ಹೆಸರು ಹೇಳಿದಳು.

ಹಿಂದೆ ಸರದಿಯಲ್ಲಿ ನಿಂತಿದ್ದ ಹೆಂಗಸೊಬ್ಬಳು, ಹೊಸದಾಗಿ ಓಣಿಗೆ ಬಂದವಳು, "ಯವ್ವಾ, ಅದು ಆಗಲೇ ಹೇಳಿದ್ರಲ್ಲ," ಎಂದಳು.

ಅವ್ವ ಹಾಲು ಬಿಡುವುದನ್ನು ನಿಲ್ಲಿಸಲಿಲ್ಲ.

"ಇಲ್ಲವಾ, ಇವ ಬ್ಯಾರೆ," ಎಂದಳು.